ಮೊದಲು ರಾತ್ರಿ, ಆಮೇಲೆ ರಸ್ತೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ಮಲೆನಾಡಿನ ಮನೆಯಂಗಳದಲ್ಲಿ ಟೆಂಟ್ ಹಾಕಲು ಜಾಗ ಇರುವುದಿಲ್ಲ. ನವೆಂಬರ್ ಹಿಡಿದು ಜನವರಿ ಮುಗಿಯುವವರೆಗೆ ಬೇಯಿಸಿದ ಅಡಿಕೆ ಅಂಗಳದ ತುಂಬ ಒಣಗುತ್ತಿರುತ್ತದೆ, ಇಲ್ಲವೇ ಚಪ್ಪರದ ಮೇಲೆ ಹರವಿರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಅದೇ ಹೊತ್ತಿಗೆ ಕಾಫಿ ಕಣ ಭರ್ತಿ. ವರ್ಷದ ದುಡಿಮೆಯೆಲ್ಲ ಹೀಗೆ ಬಯಲಲ್ಲಿ ಬಿದ್ದಿರುವಾಗ ರಾತ್ರಿ ನಾಯಿ ಬಿಟ್ಟಿರುತ್ತಾರೆ, ಮನೆಯವರ ಕಿವಿಯೂ ಚುರುಕಾಗಿರುತ್ತದೆ. ಕತ್ತಲಾದ ಮೇಲೆ ಹೆಲ್ಮೆಟ್ ಹಾಕಿಕೊಂಡ ಅಪರಿಚಿತನೊಬ್ಬ, ಎರಡೂ ಕಡೆ ಚೀಲ ತೂಗುಬಿಟ್ಟ ಸೈಕಲ್ ಹಿಡಿದು ಉಣುಗೋಲಿನ ಹತ್ತಿರ ನಿಂತು "ರಾತ್ರಿ ಇಲ್ಲಿ ಉಳೀಬಹುದಾ" ಎಂದರೆ ಅವರಿಗೆ ಖುಷಿಯಾಗಲು ಕಾರಣವೇ ಇಲ್ಲ.

ಮಲೆನಾಡಿನಲ್ಲಿ ಸೈಕಲ್ ತುಳಿಯಲು ಹದವಾದ ಕಾಲವೂ ಇದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಟೆಂಟಿನ ಮಾತೇ ಬೇಡ. ಮಾರ್ಚ್ ನಂತರ ಬಿಸಿಲು, ಕಾಳ್ಗಿಚ್ಚಿನ ಹೊಗೆ. ಉಳಿಯುವುದು ನವೆಂಬರ್ ನಡುವಿನಿಂದ ಫೆಬ್ರುವರಿವರೆಗಿನ ಮೂರು ತಿಂಗಳು. ರಸ್ತೆ ಒಣಗಿರುವ ಕಾಲಕ್ಕೇ ಅಂಗಳ ತುಂಬಿರುತ್ತದೆ ಎಂಬುದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಒಬ್ಬರೇ ಸೈಕಲ್ಲಿನಲ್ಲಿ ದೂರ ಹೋಗುವ ಯೋಜನೆ ಬಿಗಡಾಯಿಸುವುದು ಇಂಥ ಕಡೆಯೇ.

ನನ್ನ ಮನಸ್ಸಿನಲ್ಲಿರುವ ದಾರಿ ಇದು: ಮಡಿಕೇರಿಯಲ್ಲಿ ಹೊರಟು ಸೋಮವಾರಪೇಟೆ, ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ, ಹೊಸನಗರ, ಸಾಗರ, ಜೋಗ, ಸಿದ್ದಾಪುರ, ಶಿರಸಿ, ಯಲ್ಲಾಪುರ ಹಾದು ದಾಂಡೇಲಿ. ಘಟ್ಟ ಇಳಿದು ಕರಾವಳಿಗೆ ಹೋಗದೆ, ಬೆಟ್ಟದ ಬೆನ್ನ ಮೇಲೇ ದಕ್ಷಿಣದಿಂದ ಉತ್ತರಕ್ಕೆ. ಸುಮಾರು 600 ಕಿಲೋಮೀಟರ್. ಹತ್ತು ಹನ್ನೆರಡು ದಿನ ಇಟ್ಟುಕೊಂಡರೆ ಆರಾಮ.

ಇಂಥ ಪ್ರವಾಸಕ್ಕೆ ಹೊರಡುವ ಹುಡುಗರು ಮೊದಲು ಕೇಳುವುದು ಎರಡೇ. ಯಾವ ಸೈಕಲ್ ತಗೊಳ್ಳಲಿ? ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೀಬಹುದು? ಎರಡೂ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು. ಮೊದಲು ತೀರ್ಮಾನವಾಗಬೇಕಾದದ್ದು ರಾತ್ರಿ ಎಲ್ಲಿ ಎಂಬುದು. ಅದು ಗೊತ್ತಾದರೆ ಆ ದಿನದ ದೂರ, ಹೊರಡುವ ಹೊತ್ತು, ಹೊರಬೇಕಾದ ಸಾಮಾನು, ಮಧ್ಯಾಹ್ನದ ಊಟದ ಊರು ಎಲ್ಲ ತಾನಾಗಿ ಗೊತ್ತಾಗುತ್ತದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಕ್ರಮಿಸಬೇಕಾದ, ಬ್ರೆವೆ ಎಂಬ ಸವಾರಿಗಳನ್ನು ನಮ್ಮೂರ ಎಷ್ಟೋ ಜನ ಲೀಲಾಜಾಲವಾಗಿ ಮುಗಿಸುತ್ತಾರೆ. ಅವರ ಕಾಲಿನ ಬಗ್ಗೆ ನನಗೆ ಗೌರವವಿದೆ. ಸಂಜೆ ಐದಕ್ಕೆ ಗುರುತಿಲ್ಲದ ಊರಿನಲ್ಲಿ ಮಲಗುವ ಜಾಗ ಹುಡುಕುವುದು ಮಾತ್ರ ಬೇರೆಯದೇ ವಿದ್ಯೆ.

ಈಗ ನಾವು ಕ್ಯಾಂಪಿಂಗ್ ಎನ್ನುವ ಹವ್ಯಾಸವೇ ಸೈಕಲ್ಲಿನ ಜೊತೆ ಬೆಳೆದದ್ದು. ಇಂಗ್ಲೆಂಡಿನ ಥಾಮಸ್ ಹೈರಮ್ ಹೋಲ್ಡಿಂಗ್ ವೃತ್ತಿಯಿಂದ ದರ್ಜಿ. ಸೈಕಲ್ಲಿಗೆ ಕಟ್ಟಿಕೊಂಡು ಹೋಗುವಷ್ಟು ಹಗುರವಾದ ಟೆಂಟ್‌ಗಳನ್ನು ತಾನೇ ರೂಪಿಸಿದ. ಐರ್ಲೆಂಡಿನ ಕಾನಮಾರಾ ಸೀಮೆಯಲ್ಲಿ ಹೀಗೆ ಸುತ್ತಾಡಿ 1898ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ, 1901ರಲ್ಲಿ ಸೈಕಲ್ ಕ್ಯಾಂಪರುಗಳದೇ ಒಂದು ಸಂಘ ಕಟ್ಟಿದ. ಹಗುರ ಟೆಂಟ್ ಬೇಕೆಂದು ಮೊದಲು ಅನ್ನಿಸಿದ್ದು ಬಟ್ಟೆಯ ತೂಕ ಬಲ್ಲ ದರ್ಜಿಗೆ ಎಂಬುದು ನನಗೆ ಇಷ್ಟವಾದ ಸಂಗತಿ.

ನಮ್ಮ ದಾರಿಗೆ ಬರೋಣ. ಡಿಸೆಂಬರ್ ನಡುವಿನಲ್ಲಿ ಶಿವಮೊಗ್ಗ ಸೀಮೆಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಹೊತ್ತಿಗೆ, ಮುಳುಗುವುದು ಆರು ದಾಟಿದ ಕೂಡಲೇ. ಬೆಳಗ್ಗೆ ಮಂಜು ಹರಿಯುವವರೆಗೆ ಹಿಂದಿನಿಂದ ಬರುವ ಲಾರಿಗೆ ನೀವು ಕಾಣುವುದಿಲ್ಲ, ಹಾಗಾಗಿ ಎಂಟಕ್ಕೆ ಮೊದಲು ರಸ್ತೆಗಿಳಿಯದಿರುವುದೇ ಲೇಸು. ಸಂಜೆ ಐದಕ್ಕೆ ಜಾಗ ಹಿಡಿದಿರಬೇಕು. ನಡುವೆ ಒಂಬತ್ತು ಗಂಟೆ. ಊಟ, ಚಹಾ, ಪಂಕ್ಚರ್, ಮಾತುಕತೆ ಕಳೆದರೆ ಪೆಡಲಿನ ಮೇಲಿನ ಹೊತ್ತು ಐದಾರು ಗಂಟೆ. ಮಲೆನಾಡಿನ ರಸ್ತೆ ಐದು ನಿಮಿಷವೂ ಸಮತಟ್ಟಾಗಿರುವುದಿಲ್ಲ. ಸಾಮಾನು ಹೇರಿದ ಸೈಕಲ್ಲಿಗೆ ದಿನಕ್ಕೆ 50ರಿಂದ 70 ಕಿಲೋಮೀಟರ್ ಎಂದರೆ ಒಳ್ಳೆಯ ದಿನವೇ.

ಈ ಲೆಕ್ಕ ಹಿಡಿದು ನಕ್ಷೆ ನೋಡಿದರೆ ತೊಡಕು ಎಲ್ಲಿದೆ ಎಂದು ಕಾಣುತ್ತದೆ. ಸೋಮವಾರಪೇಟೆಯಿಂದ ಸಕಲೇಶಪುರ, ಮೂಡಿಗೆರೆವರೆಗಿನ ಪಟ್ಟಿ ಆನೆಗಳ ಸೀಮೆ. ಹಗಲು ತೋಟದೊಳಗೆ ನಿಂತ ಆನೆ ಸಂಜೆ ರಸ್ತೆ ದಾಟುತ್ತದೆ, ಬೆಳಗಿನ ಜಾವ ಮತ್ತೆ ದಾಟುತ್ತದೆ. ಅರಣ್ಯ ಇಲಾಖೆ ಆನೆಗಳ ಜಾಡು ಹಿಡಿದು ಊರಿನವರಿಗೆ ಮೊಬೈಲ್ ಸಂದೇಶ ಕಳಿಸುತ್ತದೆ. ಆನೆ ಕಾರ್ಯಪಡೆಯವರು ಹಗಲಿರುಳು ಓಡಾಡುತ್ತಾರೆ. ಅಷ್ಟಿದ್ದೂ ತೋಟಕ್ಕೆ ಕೆಲಸಕ್ಕೆ ಹೊರಟವರು ಸಾಯುತ್ತಿದ್ದಾರೆ. ಸದ್ದಿಲ್ಲದೆ ಬರುವ ಸೈಕಲ್ಲು ತಿರುವಿನಲ್ಲಿ ಆನೆಯ ಎದುರಿಗೇ ಹೋಗಿ ನಿಲ್ಲಬಹುದು. ಈ ಪಟ್ಟಿಯಲ್ಲಿ ಟೆಂಟ್ ಬಿಚ್ಚಲೇಬೇಡಿ. ಸೋಮವಾರಪೇಟೆ, ಸಕಲೇಶಪುರ, ಮೂಡಿಗೆರೆ ಪೇಟೆಗಳಲ್ಲಿ ಲಾಡ್ಜ್ ಇವೆ. ಟೆಂಟ್ ಹೊತ್ತುಕೊಂಡು ಲಾಡ್ಜಿನಲ್ಲಿ ಮಲಗುವುದು ಅವಮಾನ ಎಂದುಕೊಂಡವರು ಹಟಕ್ಕೆ ಬಿದ್ದು ಪೆಟ್ಟು ತಿನ್ನುತ್ತಾರೆ.

ಕಳಸದಿಂದ ಶೃಂಗೇರಿಗೆ ಎರಡು ದಾರಿ. ಒಂದು ಬಾಳೆಹೊನ್ನೂರಿನ ಮೇಲೆ, ತೋಟ, ಊರು, ಅಂಗಡಿಗಳ ನಡುವೆ. ಇನ್ನೊಂದು ಕುದುರೆಮುಖದ ಮೇಲೆ. ಎರಡನೆಯದರ ಚೆಲುವು ಹೇಳತೀರದು. 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಕುದುರೆಮುಖ ಪಟ್ಟಣ ಬಿಕೋ ಎನ್ನುತ್ತದೆ, ಸುತ್ತಲೂ ಶೋಲಾ ಕಾಡು, ಹುಲ್ಲುಗಾವಲು. ಆದರೆ ಆ ದಾರಿ ಹಾಯುವುದು ರಾಷ್ಟ್ರೀಯ ಉದ್ಯಾನದೊಳಗೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರಡಿ ರಸ್ತೆ ಬಿಟ್ಟು ಇಂಥ ಕಾಡಿನೊಳಗೆ ಅನುಮತಿ ಇಲ್ಲದೆ ಹೊಕ್ಕುವುದೇ ಅಪರಾಧ, ಟೆಂಟ್ ಹಾಕುವುದಂತೂ ದೂರದ ಮಾತು. ಮೀಸಲು ಅರಣ್ಯಕ್ಕೂ ಹೆಚ್ಚುಕಡಿಮೆ ಇದೇ ಮಾತು. ಅಂದರೆ ಕುದುರೆಮುಖದ ದಾರಿ ಹಿಡಿದವರು ಎಪ್ಪತ್ತು ಚಿಲ್ಲರೆ ಕಿಲೋಮೀಟರನ್ನು ಒಂದೇ ಹಗಲಿನಲ್ಲಿ ಮುಗಿಸಬೇಕು. ಅಷ್ಟು ಶಕ್ತಿ ಇಲ್ಲವೆನಿಸಿದರೆ ಬಾಳೆಹೊನ್ನೂರೇ ಸರಿ. ಹಿಂದಿನ ದಿನ ಕಳಸದಲ್ಲೋ ಹೊರನಾಡಿನಲ್ಲೋ ಉಳಿದು, ದೇವಸ್ಥಾನದಲ್ಲಿ ಊಟ ಮುಗಿಸಿ ಬೇಗ ಮಲಗಿ, ಕಾಲಿಗೆ ಬಿಡುವು ಕೊಟ್ಟು ಆಮೇಲೆ ತೀರ್ಮಾನಿಸಬಹುದು.

ಇನ್ನು ತೀರ್ಥಹಳ್ಳಿಯಿಂದ ಆಚೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೊಡಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಮಂಗನ ಕಾಯಿಲೆ ಇಂದಿಗೂ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡವನ್ನು ಬಿಟ್ಟಿಲ್ಲ. ಜೋಗದ ಹತ್ತಿರದ ಅರಳಗೋಡಿನಲ್ಲಿ 2019ರ ಆರಂಭದಲ್ಲಿ ಅದು ಮಾಡಿದ ಅನಾಹುತವನ್ನು ಆ ಕಡೆಯವರು ಮರೆತಿಲ್ಲ. ಹರಡುವುದು ಉಣುಗಿನಿಂದ. ಎಳ್ಳಿನಷ್ಟೂ ಇಲ್ಲದ ಮರಿ ಉಣುಗುಗಳು ತರಗೆಲೆಯ ಮೇಲೆ ಓಡಾಡುವುದು ಮಳೆ ನಿಂತ ಮೇಲೆ. ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ. ಅಂದರೆ ನಮ್ಮ ಸೈಕಲ್ ಕಾಲವೇ. ಮರದಡಿಯ ಒಣ ತರಗಿನ ಮೇಲೆ ಟೆಂಟ್ ಹಾಸಿದರೆ ಮೆತ್ತಗಿರುತ್ತದೆ ಎಂದು ಆಸೆಪಡುವವರಿಗೆ ಇದು ಗೊತ್ತಿರಬೇಕು. ಸೊಪ್ಪು, ಸೌದೆ, ದರಗಿಗೆ ಕಾಡಿಗೆ ಹೋಗುವವರಿಗಾಗಿ ಆರೋಗ್ಯ ಇಲಾಖೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಂಚುತ್ತದೆ. ದಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಒಂದು ಮಾತು ಕೇಳಿ. ಈ ವರ್ಷ ಯಾವ ಊರಿನ ಕಡೆ ಮಂಗ ಸತ್ತಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಆ ಊರಿನಲ್ಲಿ ನಿಲ್ಲದೆ ಮುಂದೆ ಹೋಗಿ. ಸಂಜೆ ಬಿಸಿನೀರು ಸಿಕ್ಕರೆ ಮೈ ಉಜ್ಜಿ ಸ್ನಾನ ಮಾಡಿ, ಕಂಕುಳು, ಮಂಡಿಯ ಸಂದು, ಸೊಂಟದ ಪಟ್ಟಿ ನೋಡಿಕೊಳ್ಳಿ. ಊರಿಗೆ ಬಂದ ವಾರದಲ್ಲಿ ಜ್ವರ ಕಾಣಿಸಿಕೊಂಡರೆ ಎಲ್ಲಿ ಸುತ್ತಿ ಬಂದಿರಿ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಈ ಕಾಯಿಲೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ.

ಅಂಗಳ ಇಲ್ಲ, ಕಾಡು ಇಲ್ಲ, ತರಗು ಇಲ್ಲ. ಮತ್ತೆಲ್ಲಿ? ನನ್ನ ಮಟ್ಟಿಗೆ ಮೊದಲ ಉತ್ತರ ಸರ್ಕಾರಿ ಶಾಲೆಯ ಮೈದಾನ. ಗಟ್ಟಿ ನೆಲ, ಕೈಪಂಪೋ ನಲ್ಲಿಯೋ ಇರುತ್ತದೆ, ಶೌಚಾಲಯ ಇರುತ್ತದೆ, ಊರಿನ ಕಣ್ಣಿಗೆ ಬಿದ್ದಿರುತ್ತದೆ. ಹೆಡ್‌ಮಾಸ್ತರರು ನಾಲ್ಕೂವರೆಗೆ ಹೊರಟುಬಿಡುತ್ತಾರೆ, ಅಷ್ಟರೊಳಗೆ ಹೋಗಿ ಕೇಳಬೇಕು. ಆಧಾರ್ ಪ್ರತಿ ಒಂದನ್ನು ಕೈಗೆ ಕೊಟ್ಟು, ಬೆಳಗ್ಗೆ ಮಕ್ಕಳು ಬರುವ ಮೊದಲೇ ಹೊರಡುತ್ತೇನೆಂದು ಹೇಳಿದರೆ ಬಹುತೇಕರು ಒಪ್ಪುತ್ತಾರೆ. ಶುಕ್ರವಾರ ರಾತ್ರಿ ಮಾತ್ರ ಜೋಕೆ: ಶನಿವಾರ ಬೆಳಗಿನ ಶಾಲೆ, ನೀವು ಹಲ್ಲುಜ್ಜುವಾಗಲೇ ಮೂರನೇ ಕ್ಲಾಸು ಟೆಂಟಿನ ಸುತ್ತ ನಿಂತಿರುತ್ತದೆ. ಶಾಲೆ ಇಲ್ಲದಿದ್ದರೆ ದೇವಸ್ಥಾನದ ಪೌಳಿ, ಪಂಚಾಯ್ತಿ ಸಮುದಾಯ ಭವನ, ಹಾಲಿನ ಡೇರಿಯ ಕಟ್ಟೆ, ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಬಂಕ್.

ಕೇಳುವುದಕ್ಕೂ ಒಂದು ಕ್ರಮ ಇದೆ. ನೇರ ಮನೆ ಬಾಗಿಲಿಗೆ ಹೋಗುವ ಬದಲು ಊರ ಗೂಡಂಗಡಿಯಲ್ಲಿ ಚಹಾ ಕುಡಿಯಬೇಕು. ಅಂಗಡಿಯವರೇ ಮಾತು ತೆಗೆಯುತ್ತಾರೆ: "ಎಲ್ಲಿಂದ ಬಂದ್ರಿ? ಒಬ್ರೇನಾ ಮಾರಾಯ್ರೆ?" ಎರಡನೇ ಪ್ರಶ್ನೆಗೆ ಮುಚ್ಚುಮರೆ ಇಲ್ಲದೆ ಹೌದು ಎನ್ನಿ, ಯಾವ ಊರಿನವರು, ಏನು ಕೆಲಸ ಎಂಬುದನ್ನೂ ಹೇಳಿ. ಹತ್ತು ನಿಮಿಷದಲ್ಲಿ ನಿಮ್ಮ ವಿಷಯ ಊರಿಗೆಲ್ಲ ಗೊತ್ತಾಗಿರುತ್ತದೆ. ರಾತ್ರಿ ಬೇಕಾಗಿರುವ ಭದ್ರತೆ ಅದೇ. ಕೊನೆಗೆ ಒಬ್ಬರು "ಈ ಟೆಂಟೆಲ್ಲ ಎಂಥಕ್ಕೆ, ನಮ್ಮನೆ ಜಗಲಿ ಮೇಲೆ ಮಲ್ಕಳಿ" ಎನ್ನುವುದೂ ಉಂಟು. ಆಗ ಅಡಿಕೆ ಅಂಗಳದ ನಾಯಿಯೂ ನಿಮ್ಮ ಪರ. ಒಬ್ಬರೇ ಹೊರಟ ಹೆಣ್ಣುಮಕ್ಕಳು ಮೊದಲ ಮಾತನ್ನು ಆ ಮನೆಯ ಅಮ್ಮನ ಹತ್ತಿರ ಆಡುವುದು ಒಳ್ಳೆಯದು. ಅವರು ಒಪ್ಪಿದರೆ ಒಪ್ಪಿದಂತೆ. ಸಂಶಯ ಬಂದರೆ ಕತ್ತಲಿಗೆ ಮೊದಲೇ ಬಸ್ಸಿನ ಮೇಲೆ ಸೈಕಲ್ ಹಾಕಿ ಪೇಟೆ ಸೇರಲು ಹಿಂಜರಿಯಬೇಕಾಗಿಲ್ಲ.

ಜಾಗ ಸಿಕ್ಕಿತು ಎಂದಿಟ್ಟುಕೊಳ್ಳಿ. ಟೆಂಟನ್ನು ಮೈದಾನದ ನಟ್ಟನಡುವೆ ಹಾಕಿದರೆ ಬೆಳಗ್ಗೆ ಹೊದಿಕೆ ಹಿಂಡಬಹುದು, ಅಷ್ಟು ಇಬ್ಬನಿ. ರಾತ್ರಿ ಬಯಲಿನ ವಸ್ತುಗಳು ತಮ್ಮ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗುತ್ತವೆ, ಆ ತಣ್ಣನೆಯ ಮೈಮೇಲೆ ತೇವ ನೀರಾಗಿ ಕೂರುತ್ತದೆ. ಶಾಲೆಯ ಜಗಲಿಯ ಮಾಡಿನಡಿ ಅಥವಾ ಮರದ ಕೊಂಬೆಗಳ ಕೆಳಗೆ ಆಕಾಶ ಮರೆಯಾಗುವುದರಿಂದ ಇಬ್ಬನಿ ಕಡಿಮೆ. ಮರದ ಕೆಳಗಾದರೆ ಒಣ ಕೊಂಬೆ ಇಲ್ಲವೇ ಎಂದು ತಲೆಯೆತ್ತಿ ನೋಡಿ, ನೆಲದ ತರಗು ಗುಡಿಸಿ. ಹಳ್ಳದ ದಂಡೆ ನೋಡಲು ಚೆಂದ, ಆದರೆ ತಣ್ಣನೆ ಗಾಳಿ ಇಳಿದು ಬಂದು ನಿಲ್ಲುವುದೇ ಅಲ್ಲಿ. ಮಲೆನಾಡಿನ ಡಿಸೆಂಬರ್ ರಾತ್ರಿಗೆ ಹಿಮಾಲಯದ ಸ್ಲೀಪಿಂಗ್ ಬ್ಯಾಗ್ ಬೇಡ. ಚಳಿ ಹತ್ತುವುದು ನೆಲದಿಂದ, ಆದ್ದರಿಂದ ಅಡಿಗೆ ಹಾಸುವ ಮ್ಯಾಟ್ ಒಳ್ಳೆಯದಿರಲಿ. ಎರಡು ಪದರದ ಟೆಂಟ್ ತೆಗೆದುಕೊಳ್ಳಿ. ಒದ್ದೆ ಮೇಲ್ಪದರವನ್ನು ಬೇರೆಯಾಗಿ ಕಟ್ಟಿ, ಮಧ್ಯಾಹ್ನ ಊಟಕ್ಕೆ ನಿಂತಲ್ಲಿ ಬಿಸಿಲಿಗೆ ಹರವಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ.

ಇಷ್ಟು ಹೇಳುವಾಗ ತೂಕದ ಪ್ರಶ್ನೆ ಬಂದೇ ಬರುತ್ತದೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆ ಕತ್ತರಿಸಿ ಗ್ರಾಂ ಉಳಿಸುವವರಿದ್ದಾರೆ. ಸಣ್ಣದೊಂದು ಲೆಕ್ಕ ಹಾಕೋಣ. ಸವಾರ 65 ಕೆ.ಜಿ., ಸೈಕಲ್ 15, ಸಾಮಾನು 15, ಒಟ್ಟು 95. ನೂರು ಮೀಟರಿಗೆ ಆರು ಮೀಟರ್ ಏರುವ ಘಾಟಿಯಲ್ಲಿ ಗಂಟೆಗೆ 6 ಕಿಲೋಮೀಟರ್ ವೇಗಕ್ಕೆ ಕಾಲು ಕೊಡಬೇಕಾದದ್ದು ಸುಮಾರು 100 ವಾಟ್. ಅಭ್ಯಾಸವಿರುವ ಸಾಮಾನ್ಯ ದೇಹ ಇದನ್ನು ಗಂಟೆಗಟ್ಟಲೆ ಕೊಡಬಲ್ಲದು. ಎಂಟು ಕಿಲೋಮೀಟರ್ ಘಾಟಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಸಾಮಾನಿನಲ್ಲಿ ಐದು ಕೆ.ಜಿ. ಇಳಿಸಿದರೆ ಉಳಿಯುವುದು ಬರೀ ನಾಲ್ಕು ನಿಮಿಷ! ಹಾಗೆಂದು ಮನೆಯನ್ನೇ ಹೊರಬೇಕಿಲ್ಲ. ಹೇರು ಹೆಚ್ಚಿದಷ್ಟೂ ಹಿಂದಿನ ಚಕ್ರದ ಕಡ್ಡಿಗಳು ಮುರಿಯುತ್ತವೆ, ಲಾಡ್ಜಿನ ಮೆಟ್ಟಿಲು ಹತ್ತಿಸುವಾಗ ಸೊಂಟ ಹಿಡಿಯುತ್ತದೆ. ಆದರೆ ರಾತ್ರಿ ನಿದ್ದೆ ಕೊಡುವ ಮ್ಯಾಟನ್ನು ತೂಕದ ನೆಪದಲ್ಲಿ ಬಿಟ್ಟು ಹೋದವರು ನಾಲ್ಕು ನಿಮಿಷಕ್ಕೆ ಎಂಟು ಗಂಟೆ ತೆರುತ್ತಾರೆ. ಬಿಡಬೇಕಾದದ್ದು ಸ್ಟವ್. ಈ ದಾರಿಯಲ್ಲಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿಗೊಂದು ಹೋಟೆಲ್ಲು ಇದ್ದೇ ಇದೆ. ಕ್ಯಾಂಪಿಂಗ್ ಗ್ಯಾಸ್ ಡಬ್ಬಿ ತಾಲ್ಲೂಕು ಪೇಟೆಗಳಲ್ಲಿ ಸಿಗುವುದಿಲ್ಲ, ರೈಲಿನಲ್ಲಿ ಒಯ್ಯುವಂತೆಯೂ ಇಲ್ಲ. ಅವಲಕ್ಕಿ, ಬೆಲ್ಲ, ಶೇಂಗಾ, ಎರಡು ಮೂರು ಲೀಟರ್ ನೀರು ಸಾಕು.

ಸೈಕಲ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಈಗ ಸಲೀಸು: ತಾಲ್ಲೂಕು ಕೇಂದ್ರದಲ್ಲಿ ಯಾವುದರ ಟೈರ್ ಸಿಗುತ್ತದೋ ಅದು. ಇಲ್ಲೊಂದು ಗೊಂದಲ ಇದೆ. ನಮ್ಮ ಹಳೇ ಕರಿ ಸೈಕಲ್ಲಿನ 28 ಇಂಚಿನ ಟೈರ್ ಕೂರುವುದು 635 ಮಿಲಿಮೀಟರ್ ರಿಮ್ಮಿನ ಮೇಲೆ. ಹೊಸ ಹೈಬ್ರಿಡ್ ಸೈಕಲ್ಲಿನ 700ಸಿ ಟೈರಿಗೂ ಕೆಲವರು 28 ಇಂಚು ಎನ್ನುತ್ತಾರೆ, ಅದರ ರಿಮ್ 622 ಮಿಲಿಮೀಟರ್. ಹದಿಮೂರು ಮಿಲಿಮೀಟರ್ ವ್ಯತ್ಯಾಸ, ಒಂದರದು ಇನ್ನೊಂದಕ್ಕೆ ಹಿಡಿಯುವುದೇ ಇಲ್ಲ. ಹೊಸನಗರದ ಅಂಗಡಿಯವನು ಗೋಡೆಗೆ ತೂಗುಹಾಕಿದ ಟೈರುಗಳನ್ನು ತೋರಿಸಿ "ಇಪ್ಪತ್ತೆಂಟು ಬೇಕಾದಷ್ಟಿದೆ" ಎಂದಾಗ ಸಂತೋಷಪಡುವ ಮೊದಲು ಪಕ್ಕದಲ್ಲಿ ಅಚ್ಚಾಗಿರುವ ಅಂಕೆ ಓದಿ. 26 ಇಂಚಿನ ಎಂಟಿಬಿ ಸೈಕಲ್ಲನ್ನು ಹೈಸ್ಕೂಲ್ ಹುಡುಗರೆಲ್ಲ ಓಡಿಸುವುದರಿಂದ ಅದರ ಟೈರು, ಟ್ಯೂಬು ಸುಲಭವಾಗಿ ಸಿಗುತ್ತವೆ. 700ಸಿ ಇಟ್ಟುಕೊಂಡವರು ಒಂದು ಮಡಚುವ ಟೈರ್ ಕಟ್ಟಿಕೊಂಡೇ ಹೊರಡಬೇಕು. 1963ರಲ್ಲಿ ಐರ್ಲೆಂಡಿನ ಡರ್ವ್ಲಾ ಮರ್ಫಿ ಒಬ್ಬಳೇ ಸೈಕಲ್ಲಿನಲ್ಲಿ ದೆಹಲಿಗೆ ಹೊರಟಾಗ ಬದಲಿ ಟೈರುಗಳನ್ನು ದಾರಿಯ ಊರುಗಳಿಗೆ ಮೊದಲೇ ರವಾನಿಸಿದ್ದಳು. ನಮಗೆ ಅಷ್ಟು ಬೇಡ, ಸಾಗರದ ನೆಂಟರ ಮನೆಗೆ ಒಂದು ಕೊರಿಯರ್ ಸಾಕು.

ಟ್ಯೂಬಿನ ಬಾಯಿ ಬೈಕಿನ ಟ್ಯೂಬಿನಂಥದ್ದಾದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಸಪೂರ ಬಾಯಿಯ ಪ್ರೆಸ್ಟಾ ವಾಲ್ವ್ ಇದ್ದರೆ ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ. ಮುರಿಯುವ ಕಡ್ಡಿ ಹೆಚ್ಚಾಗಿ ಹಿಂದಿನ ಚಕ್ರದ ಬಲಗಡೆಯದು, ಚೈನಿನ ಪಕ್ಕದ್ದು. ಹಲ್ಲುಚಕ್ರ ಬಿಚ್ಚದೆ ಅದನ್ನು ಪೋಣಿಸಲು ಆಗುವುದಿಲ್ಲ. ನಿಮ್ಮ ಚಕ್ರದ ಅಳತೆಯ ನಾಲ್ಕು ಕಡ್ಡಿ, ಹಲ್ಲುಚಕ್ರ ಬಿಚ್ಚುವ ಟೂಲ್ ಇದ್ದರೆ ಯಾವ ಊರಿನ ಮೆಕ್ಯಾನಿಕ್ಕೂ ಉಳಿದದ್ದನ್ನು ಮಾಡಿಕೊಡುತ್ತಾನೆ.

ಒಬ್ಬರೇ ಇರುವುದರಿಂದ ಬದಲಾಗುವುದು ಮುಖ್ಯವಾಗಿ ಸುದ್ದಿ ಮುಟ್ಟಿಸುವ ವ್ಯವಸ್ಥೆ. ಕುದುರೆಮುಖದ ಸುತ್ತಮುತ್ತ, ಜೋಗದ ಆಸುಪಾಸಿನ ಎಷ್ಟೋ ಕಡೆ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ರಾತ್ರಿ ಫೋನ್ ಮಾಡುತ್ತೇನೆ ಎಂದು ಮಾತು ಕೊಟ್ಟರೆ ಮನೆಯವರು ಸುಮ್ಮನೆ ಗಾಬರಿಯಾಗುತ್ತಾರೆ. ಅದರ ಬದಲು, ಮರುದಿನ ಮಧ್ಯಾಹ್ನ ಹನ್ನೆರಡರವರೆಗೂ ಸುದ್ದಿ ಬಾರದಿದ್ದರೆ ಮಾತ್ರ ವಿಚಾರಿಸಬೇಕು, ಮೊದಲು ಇಂಥ ಊರಿನ ಠಾಣೆಗೆ, ಇಲ್ಲವೇ 112ಕ್ಕೆ ಎಂದು ಒಬ್ಬರಿಗೆ ಬರೆದು ಕೊಡಿ. ದಿನದ ಊರು, ರಾತ್ರಿಯ ಊರು, ಹತ್ತಿರದ ತಾಲ್ಲೂಕು ಆಸ್ಪತ್ರೆ ಒಂದೇ ಹಾಳೆಯಲ್ಲಿರಲಿ, ಅದರ ನಕಲು ನಿಮ್ಮ ಚೀಲದಲ್ಲೂ ಇರಲಿ. ಅಂಗಡಿಯೊಳಗೆ ಹೋದಾಗ ಸೈಕಲ್ ನೋಡಿಕೊಳ್ಳಲು ಜೊತೆಗಾರ ಇಲ್ಲವಲ್ಲ, ದುಡ್ಡು, ಫೋನು, ದಾಖಲೆ ಇರುವ ಚೀಲ ಯಾವಾಗಲೂ ಹೆಗಲಿಗೆ ಬರುವಂತಿರಬೇಕು.

ಹೊರಡುವ ತಿಂಗಳ ಮೊದಲು ಮನೆಯಿಂದ ನಲವತ್ತು ಕಿಲೋಮೀಟರ್ ಆಚೆ, ಪೂರ್ತಿ ಸಾಮಾನು ಹೇರಿಕೊಂಡು ಹೋಗಿ ಒಂದು ರಾತ್ರಿ ಕಳೆದು ಬನ್ನಿ. ಜಾಗ ಕೇಳುವುದೂ ಈ ತಾಲೀಮಿನ ಭಾಗವೇ. ಮನೆಯ ತಾರಸಿಯ ಮೇಲೆ ಟೆಂಟ್ ಹಾಕಿ ಮಲಗಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಉಳಿದದ್ದು ವಾಪಸು ಬರುವುದು, ಬಹಳ ಜನ ಯೋಚಿಸದೇ ಬಿಡುವ ಭಾಗ. ಕೊನೆಯ ದಿನವನ್ನು ಅದಕ್ಕೇ ಬಿಡಿ. ದಾಂಡೇಲಿಯಿಂದ ಹುಬ್ಬಳ್ಳಿಗೆ ಬಂದು ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ ಬುಕ್ ಮಾಡಬೇಕು. ಎರಡೇ ನಿಮಿಷ ನಿಲ್ಲುವ ಸಣ್ಣ ನಿಲ್ದಾಣಗಳಲ್ಲಿ ಪಾರ್ಸೆಲ್ ಹತ್ತಿಸುವುದಿಲ್ಲ. ಗೇರಿನ ಭಾಗಕ್ಕೆ ಗೋಣಿಚೀಲ ಸುತ್ತಿ, ಹೆಸರು, ಊರು, ಫೋನ್ ನಂಬರ್ ಬರೆದ ರಟ್ಟನ್ನು ಎರಡು ಕಡೆ ಕಟ್ಟಿ, ರೈಲು ಹೊರಡುವುದಕ್ಕೆ ಎರಡು ಮೂರು ಗಂಟೆ ಮೊದಲೇ ಅಲ್ಲಿರಬೇಕು. ನೀವು ಹತ್ತಿದ ರೈಲಿನಲ್ಲೇ ಸೈಕಲ್ಲೂ ಬರುತ್ತದೆ ಎಂಬ ಖಾತ್ರಿ ಇಲ್ಲ. ಮರುದಿನ ಬಂದರೂ ಬಂತು, ರಸೀದಿ ಜೋಪಾನ.